ಕಸಿ ಕೊಟ್ಟ ಜಾಗಕ್ಕೂ ಮದ್ದು ಬೇಕು



'ಕಸಿ' ಎಂದರೇನೆಂದು ಪುತ್ತೂರು ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಆರಂಭವಾಯಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ. ಅಲ್ಲಿಂದ ಕಸಿ ಗಿಡ ತಂದು ನೆಟ್ಟವರು ಸುಳ್ಯ, ಕಡಬದ ಗುಡ್ಡಗಳಲ್ಲೆಲ್ಲ ಇದ್ದಾರೆ. ಕಸಿ ಕಟ್ಟುವವನಿಗೆ ಮೂರು ಸಂಗತಿಗಳು ಗೊತ್ತಿರುತ್ತವೆ. ಕುಡಿ ಜೀವಂತವಾಗಿರಬೇಕು, ಬುಡದ ಗಿಡದಲ್ಲಿ ರಸ ಹರಿಯುತ್ತಿರಬೇಕು, ಎರಡರ ನಡುವೆ ಸಂದು ಬಿಡದ ಹಾಗೆ ಬಿಗಿದು ಕಟ್ಟಬೇಕು. ಕಟ್ಟು ಅಲುಗಾಡಿತೋ, ಕುಡಿ ಒಣಗಿತು.

ಮನುಷ್ಯನ ಚರ್ಮಕ್ಕೂ ವೈದ್ಯರು ಇದೇ ಮಾತನ್ನು ಬಳಸುತ್ತಾರೆ. ಕ್ಯಾನ್ಸರ್ ತಗಲಿದ ಚರ್ಮವನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ದೊಡ್ಡ ಗಾಯವನ್ನು ಮುಚ್ಚಲು ತೊಡೆಯಿಂದ ಚರ್ಮದ ತೆಳುವಾದ ಪದರವೊಂದನ್ನು ತೆಗೆದು ಅಲ್ಲಿಗೆ ಹಾಕುತ್ತಾರೆ. ಅದೇ ಚರ್ಮ ಕಸಿ. ಇದರಿಂದ ಏಳುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ನೋಯುತ್ತಿರುವ ಜಾಗವನ್ನು ಗುಣಪಡಿಸಲು ನೋವಿಲ್ಲದ ಜಾಗವನ್ನು ಗಾಯಗೊಳಿಸುವುದು ಸರಿಯೇ? ಸರಿಯಾದರೆ ಎಷ್ಟರವರೆಗೆ ಸರಿ? ಮೇಲ್ನೋಟಕ್ಕೆ ಇದು ವೈದ್ಯರ ಪ್ರಶ್ನೆ. ಆದರೆ ಕಾಯಿಲೆ ಬಿದ್ದ ಪ್ರತಿಯೊಂದು ಮನೆಯ ಪ್ರಶ್ನೆಯೂ ಇದೇ ಆಗಿದೆ ಎಂಬುದನ್ನು ಮುಂದೆ ನೋಡುವಿರಿ.

ಮಾಯದ ಹುಣ್ಣು

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮಗೆ ಬರುವುದಿಲ್ಲ ಎನ್ನುವವರುಂಟು. ಅದು ಅರ್ಧ ಸತ್ಯ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ಕೆಡುಕಿನಿಂದ ಬಹುಮಟ್ಟಿಗೆ ನಮ್ಮನ್ನು ಕಾಯುತ್ತದೆ, ನಿಜ. ಆದರೆ ನಮ್ಮಲ್ಲಿ ಈ ಕಾಯಿಲೆ ಬೇರೆ ಬಾಗಿಲಿನಿಂದ ಬರುತ್ತದೆ. ಬಾಲ್ಯದಲ್ಲಿ ಭತ್ತ ಬೇಯಿಸುವ ಹಂಡೆಯ ಬಿಸಿನೀರು ಬಿದ್ದು ಆದ ಕಲೆ, ವರ್ಷಗಟ್ಟಲೆ ಮಾಯದೆ ಉಳಿದ ಕಾಲಿನ ಹುಣ್ಣು, ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದದ ವ್ರಣ, ಇವುಗಳಲ್ಲಿ ಕೆಲವು ದಶಕಗಳ ನಂತರ ಕ್ಯಾನ್ಸರಾಗಿ ತಿರುಗುವುದುಂಟು. ವೈದ್ಯರು ಇದನ್ನು ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ವಯಸ್ಸಾದವರ ಮುಖದಲ್ಲಿ ಮೆಲ್ಲಗೆ ಬೆಳೆಯುವ ಗಂಟಾಗಿ, ಅಂಗಾಲಿನಲ್ಲಿ ಅಥವಾ ಉಗುರಿನ ಅಡಿಯಲ್ಲಿ ಹರಡುವ ಕಪ್ಪು ಮಚ್ಚೆಯಾಗಿ ಬರುವ ಬಗೆಗಳೂ ಇವೆ.

ಹುಣ್ಣಿನ ಅಂಚು ದಪ್ಪವಾಗಿ ಮೇಲೆದ್ದರೆ, ಮುಟ್ಟಿದರೆ ರಕ್ತ ಬಂದರೆ, ವಾಸನೆ ಬದಲಾದರೆ, ಮದ್ದು ಹಚ್ಚಿಯೂ ವಾರಗಟ್ಟಲೆ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಸಣ್ಣ ತುಣುಕೊಂದನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹಾಗೆ ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಆದರೆ ಅದರಿಂದ ಆಗುವ ತಡಕ್ಕೆ ಬೆಲೆ ತೆರಬೇಕಾಗುತ್ತದೆ.

ಕ್ಯಾನ್ಸರೆಂದು ತಿಳಿದ ಮೇಲೆ ಹುಣ್ಣನ್ನಷ್ಟೇ ಅಲ್ಲ, ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯುತ್ತಾರೆ. ಬಗೆಯನ್ನು ನೋಡಿಕೊಂಡು ಅದು ಕೆಲವು ಮಿಲಿಮೀಟರ್ ಇರಬಹುದು, 2 ಸೆಂಟಿಮೀಟರ್ ಕೂಡ ಇರಬಹುದು. ಕಣ್ಣಿಗೆ ಕಾಣದ ಬೇರು ಉಳಿಯಬಾರದಲ್ಲ! ಗಾಯ ಸಣ್ಣದಾದರೆ ಹೊಲಿಗೆ ಹಾಕಿದರೆ ಸಾಕು. ದೊಡ್ಡದಾದಾಗ, ಅಂಚುಗಳು ಕೂಡದಿದ್ದಾಗ ಕಸಿ ಬೇಕಾಗುತ್ತದೆ.

ಮೂರು ರಾತ್ರಿಗಳ ಕಥೆ

ತೊಡೆಯಿಂದ ತೆಗೆಯುವ ಪದರ ಎಷ್ಟು ತೆಳು ಬಲ್ಲಿರಾ? ಮಿಲಿಮೀಟರಿನ ಅರ್ಧವೂ ಇರುವುದಿಲ್ಲ. ಅದನ್ನು ಗಾಯದ ಮೇಲೆ ಹಾಸಿ, ಒತ್ತಿ ಬಟ್ಟೆ ಕಟ್ಟುತ್ತಾರೆ. ಮೊದಲ ಒಂದೆರಡು ದಿನ ಆ ಚರ್ಮಕ್ಕೆ ರಕ್ತದ ಸಂಪರ್ಕವೇ ಇಲ್ಲ. ಕೆಳಗಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡೇ ಅದು ಬದುಕಬೇಕು. ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಮೇಲಿನವುಗಳ ಬಾಯಿ ಹುಡುಕಿ ಸೇರಿಕೊಳ್ಳುತ್ತವೆ. ನಾಲ್ಕೈದು ದಿನಗಳಲ್ಲಿ ರಕ್ತ ಹರಿಯತೊಡಗುತ್ತದೆ. ಸುಮಾರು ಐದನೆಯ ದಿನ ಕಟ್ಟು ಬಿಚ್ಚಿ ನೋಡಿದಾಗ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕಸಿ ಹಿಡಿದಿದೆ ಎಂದರ್ಥ. ಅಡಿಯಲ್ಲಿ ರಕ್ತ ನಿಂತರೆ, ಕೀವಾದರೆ, ಅಥವಾ ರೋಗಿ ಕಾಲು ಅಲುಗಾಡಿಸಿದರೆ ಅದು ಹಿಡಿಯದೆ ಹೋಗಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತನಾಳಗಳು ಕುಗ್ಗುವುದರಿಂದ ಹಿಡಿಯುವುದು ಇನ್ನೂ ಕಷ್ಟ.

ಇಷ್ಟನ್ನು ಎಲ್ಲರೂ ವಿಚಾರಿಸುತ್ತಾರೆ. "ಕಸಿ ಹಿಡಿಯಿತಾ?" ಎಂಬುದೇ ಆಸ್ಪತ್ರೆಗೆ ನೋಡಲು ಬಂದವರೆಲ್ಲರ ಮೊದಲ ಪ್ರಶ್ನೆ. ಆದರೆ ಕಸಿ ಮಾಡಿಸಿಕೊಂಡ ಯಾರನ್ನಾದರೂ ಕೇಳಿನೋಡಿ. ಹೆಚ್ಚಿನವರು ಬೇರೆಯೇ ಮಾತು ಹೇಳುತ್ತಾರೆ: "ಹುಣ್ಣು ತೆಗೆದ ಜಾಗ ಅಷ್ಟೇನೂ ನೋಯಲಿಲ್ಲ, ತೊಡೆಯೇ ಜಾಸ್ತಿ ನೋಯಿತು." ಇದರಲ್ಲಿ ಆಶ್ಚರ್ಯವಿಲ್ಲ. ಮೇಲಿನ ಪದರ ಹೋದಾಗ ಸೂಕ್ಷ್ಮ ನರಗಳ ತುದಿಗಳು ಹೊರಗೆ ತೆರೆದುಕೊಳ್ಳುತ್ತವೆ. ಗಾಳಿ ಸೋಕಿದರೂ ಉರಿ. ಕಾಯಿಲೆಯೇ ಇಲ್ಲದ ಜಾಗ, ಯಾರೂ ವಿಚಾರಿಸದ ಜಾಗ, ಹೆಚ್ಚು ನೋಯುವ ಜಾಗ ಅದೇ.

ರಬ್ಬರ್ ಮರದಿಂದ ಒಂದು ಪಾಠ

ಒಳ್ಳೆಯ ಶಸ್ತ್ರವೈದ್ಯ ಆ ತೊಡೆಯನ್ನು ಹೇಗೆ ಕಾಣುತ್ತಾನೆ? ನಮ್ಮ ಸುಳ್ಯ, ಕಡಬದ ಓದುಗರಿಗೆ ಇದನ್ನು ತಿಳಿಯಲು ರಬ್ಬರ್ ತೋಟಕ್ಕೆ ಹೋದರೆ ಸಾಕು. ಟ್ಯಾಪಿಂಗ್ ಮಾಡುವವರು ಮುಂಜಾನೆ ತೊಗಟೆಯ ಮೇಲಿನಿಂದ ತೆಳುವಾದ ಎಳೆಯೊಂದನ್ನು ಕೆತ್ತುತ್ತಾರೆ. ಮರದ ತಿರುಳಿಗೆ ಕತ್ತಿ ತಾಗಕೂಡದು. ತಾಗದಿದ್ದರೆ ತೊಗಟೆ ಮತ್ತೆ ಬೆಳೆಯುತ್ತದೆ. ತಾಗಿದರೆ ಆ ಜಾಗದಲ್ಲಿ ಗಂಟು ಕಟ್ಟಿಕೊಂಡು, ಮುಂದೆ ಅಲ್ಲಿ ಸರಿಯಾಗಿ ಟ್ಯಾಪಿಂಗ್ ಮಾಡಲಾಗದು. ಮರಕ್ಕೆ ಬಿಡುವನ್ನೂ ಕೊಡಬೇಕು. ದಿನವೂ ಕೆತ್ತಿದರೆ ಹಾಲು ಬತ್ತುತ್ತದೆ. ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿ ಕೆತ್ತಿದ ಜಾಗವನ್ನು ಕಾಪಾಡಬೇಕು.

ಶಸ್ತ್ರವೈದ್ಯನೂ ಹಾಗೆಯೇ ಮಾಡುತ್ತಾನೆ. ಮೇಲಿನ ಪದರವನ್ನು ತೆಗೆದು ಕೆಳಗಿನದನ್ನು ಉಳಿಸುತ್ತಾನೆ. ರೋಮದ ಬುಡಗಳಲ್ಲಿ ಉಳಿದ ಜೀವಕೋಶಗಳಿಂದ ಹೊಸ ಚರ್ಮ ಮೂಡಿ ಸುಮಾರು ಎರಡು ವಾರಗಳಲ್ಲಿ ಗಾಯ ಮಾಯುತ್ತದೆ. ಮುಖಕ್ಕೆ ದಪ್ಪನೆಯ ಚರ್ಮ ಬೇಕಾದಾಗ ಕಿವಿಯ ಹಿಂದಿನಿಂದಲೋ ಕೊರಳಿನ ಬುಡದಿಂದಲೋ ಪೂರ್ತಿ ದಪ್ಪದ ಚರ್ಮವನ್ನೇ ತೆಗೆಯುತ್ತಾರೆ. ಆದರೆ ಅದು ತಾನಾಗಿ ಬೆಳೆಯದು. ಆದ್ದರಿಂದ ಸಣ್ಣ ತುಂಡನ್ನಷ್ಟೇ ತೆಗೆದು ಆ ಜಾಗವನ್ನು ಹೊಲಿದು ಮುಚ್ಚುತ್ತಾರೆ. ಅಂದರೆ ವೈದ್ಯನ ನಿಯಮ ಇಷ್ಟು: ಮರಳಿ ಬೆಳೆಯುವಷ್ಟನ್ನೇ ತೆಗೆ, ಅಥವಾ ಮುಚ್ಚಲು ಸಾಧ್ಯವಾಗುವಷ್ಟನ್ನೇ ತೆಗೆ. ತೆಗೆದ ಜಾಗಕ್ಕೂ ಕಟ್ಟು ಕಟ್ಟು.

ಅಣ್ಣನ ಪ್ರೀತಿಗೂ ಹಿಡಿಯದ ಕಸಿ

"ಅಪ್ಪನ ತೊಡೆಯೇಕೆ? ನನ್ನದನ್ನು ತೆಗೆಯಿರಿ" ಎಂದು ವೈದ್ಯರ ಮುಂದೆ ನಿಲ್ಲುವ ಮಕ್ಕಳಿದ್ದಾರೆ. ಎಷ್ಟು ದೊಡ್ಡ ಮನಸ್ಸು! ಆದರೆ ದೇಹ ಈ ಪ್ರೀತಿಯನ್ನು ಒಪ್ಪುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸುಟ್ಟಗಾಯದಿಂದ ನರಳುತ್ತಿದ್ದ ಹೆಂಗಸೊಬ್ಬಳಿಗೆ ಆಕೆಯ ಸಹೋದರನ ಚರ್ಮವನ್ನು ಹಾಕಿ ನೋಡಿದರು. ಮೊದಲ ಸಲ ಹಾಕಿದ್ದು ಸ್ವಲ್ಪ ದಿನ ಉಳಿದು ನಾಶವಾಯಿತು. ಎರಡನೆಯ ಸಲ ಹಾಕಿದ್ದು ಇನ್ನೂ ಬೇಗ ನಾಶವಾಯಿತು. ದೇಹ ಪರರ ಚರ್ಮವನ್ನು ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ ಎಂಬುದು ಹೀಗೆ ತಿಳಿಯಿತು. ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡಾವರ್ ಇದನ್ನು 1943ರಲ್ಲಿ ಪ್ರಕಟಿಸಿದರು. ಈ ದಾರಿಯಲ್ಲಿ ಮುಂದುವರಿದ ಮೆಡಾವರ್ 1960ರಲ್ಲಿ ನೊಬೆಲ್ ಬಹುಮಾನ ಪಡೆದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಹೊರತು ಬೇರೆಯವರ ಚರ್ಮ ನಮ್ಮಲ್ಲಿ ಶಾಶ್ವತವಾಗಿ ನಿಲ್ಲದು.

ನಮ್ಮ ದೇಶಕ್ಕೆ ಈ ಗುಟ್ಟಿನ ಅರ್ಧ ಬಹಳ ಹಿಂದೆಯೇ ತಿಳಿದಿತ್ತು. ಕತ್ತರಿಸಿದ ಮೂಗನ್ನು ರೋಗಿಯದೇ ಕೆನ್ನೆಯ ಚರ್ಮದಿಂದ ಕಟ್ಟುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಆತನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದರ ವರದಿ ಚಿತ್ರಸಹಿತ ಬಂದ ಮೇಲೆ ಯುರೋಪಿನ ವೈದ್ಯರು ಇದನ್ನು ಕಲಿತರು. ಮೂಗಿಗೆ ಬೇಕಾದುದನ್ನು ಹಣೆ ಕೊಟ್ಟಿತು. ಆ ಹಣೆಯ ಮೇಲೆ ಕಲೆ ಉಳಿಯಿತು.

ಮಗಳು ಮನೆಯ ತೊಡೆಯೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ನನ್ನ ಕಾಲಿಗಾಗಿ ನನ್ನ ತೊಡೆಯನ್ನು ಗಾಯಗೊಳಿಸುವುದು ಸರಿಯೇ? ಸರಿ. ಪೋಪ್ ಹನ್ನೆರಡನೆಯ ಪಿಯುಸ್ 1952ರಲ್ಲಿ ವೈದ್ಯಕೀಯ ತಜ್ಞರ ಮುಂದೆ ಇದರ ತತ್ತ್ವವನ್ನು ವಿವರಿಸಿದ್ದರು. ಅವಯವ ಇರುವುದು ಇಡೀ ದೇಹಕ್ಕಾಗಿ. ದೇಹದ ಒಳಿತಿಗೆ ಅಗತ್ಯವಾದರೆ ಅವಯವ ನೋವನ್ನು ಹೊರಬಹುದು. ತೊಡೆಗೆ ತನ್ನದೇ ಆದ ಬದುಕಿಲ್ಲ, ಅದರ ಒಪ್ಪಿಗೆ ಕೇಳಬೇಕಾಗಿಲ್ಲ.

ಆದರೆ ಅದೇ ಪೋಪರು 1956ರಲ್ಲಿ ಕಣ್ಣಿನ ಕಾರ್ನಿಯಾ ದಾನದ ಬಗ್ಗೆ ಮಾತನಾಡುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಈ ತತ್ತ್ವವನ್ನು ದೇಹದಿಂದ ಸಮಾಜಕ್ಕೆ ಹಾಗೆಯೇ ಎತ್ತಿ ಹಾಕಬಾರದು. ಮನುಷ್ಯನು ಸಮಾಜಕ್ಕೆ ಕೈಕಾಲು ಇದ್ದಂತಲ್ಲ. ಒಬ್ಬೊಬ್ಬನೂ ತಾನೇ ಒಂದು ಪೂರ್ಣ ವ್ಯಕ್ತಿ.

ಓದುಗರೇ, ಈ ಎಚ್ಚರಿಕೆಯನ್ನು ನಮ್ಮ ಮನೆಯೊಳಗೆ ತಂದು ನೋಡಿ. ನಮ್ಮ ಕಡೆಯ ಯಾವುದೋ ಒಂದು ಮನೆ ಎಂದುಕೊಳ್ಳಿ. ಎರಡೆಕರೆ ಅಡಿಕೆ ತೋಟ, ಸ್ವಲ್ಪ ರಬ್ಬರ್. ಅಪ್ಪನ ಕಾಲಿನ ಹುಣ್ಣು ಕ್ಯಾನ್ಸರೆಂದು ಗೊತ್ತಾಯಿತು. ಮಂಗಳೂರಿಗೆ 50 ಕಿಲೋಮೀಟರಿಗೂ ಹೆಚ್ಚು ದೂರ. ಆಪರೇಷನ್, ಕಸಿ, ವಾರಕ್ಕೊಮ್ಮೆ ಡ್ರೆಸ್ಸಿಂಗ್. ದೊಡ್ಡ ಮಗ ಕೊಲ್ಲಿಯಲ್ಲಿ. ಅವನು ಹಣ ಕಳಿಸುತ್ತಾನೆ, ಎಲ್ಲರೂ ಅವನನ್ನು ಹೊಗಳುತ್ತಾರೆ. ಎರಡನೆಯವನು ಬೆಂಗಳೂರಿನಿಂದ ಎರಡು ದಿನ ಬಂದು ಹೋಗುತ್ತಾನೆ, ಅವನಿಗೂ ಹೊಗಳಿಕೆ. ಕಿರಿಯ ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. "ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ" ಎಂದು ಯಾರೋ ಅನ್ನುತ್ತಾರೆ. ಅಷ್ಟೇ. ಯಾರೂ ಕುಳಿತು ತೀರ್ಮಾನಿಸಲಿಲ್ಲ, ಅವಳನ್ನು ಯಾರೂ ಕೇಳಲಿಲ್ಲ. ಪರೀಕ್ಷೆ ಹೋಯಿತು, ನೋಡಲು ಬಂದ ಒಳ್ಳೆಯ ಸಂಬಂಧವನ್ನು 'ಅಪ್ಪ ಹುಷಾರಾಗಲಿ' ಎಂದು ಮುಂದೂಡಿದರು. ಅಪ್ಪನ ಕಾಲಿನ ಕಸಿ ಹಿಡಿಯಿತು. ಪೂಜೆ ಮುಗಿಸಿ ಇಗರ್ಜಿಯ ಅಂಗಳಕ್ಕೆ ಬಂದವರು "ದೇವರು ದೊಡ್ಡವನು, ಅಪ್ಪ ಹೇಗಿದ್ದಾರೆ?" ಎನ್ನುತ್ತಾರೆ. ಅವಳು ಹೇಗಿದ್ದಾಳೆ ಎಂದು ಕೇಳುವವರಿಲ್ಲ.

ಅವಳನ್ನು ಆ ಮನೆ ತನ್ನ ತೊಡೆ ಎಂದುಕೊಂಡಿತು. ಆದರೆ ಅವಳು ತೊಡೆಯಲ್ಲ. ಅವಳಿಗೆ ಅವಳದೇ ಬದುಕಿದೆ, ದೇವರ ಮುಂದೆ ಅವಳದೇ ಹೆಸರಿದೆ. ತಾಳಿಯ ಹೊರತು ಇದ್ದಬದ್ದ ಚಿನ್ನವನ್ನೆಲ್ಲ ಬ್ಯಾಂಕಿನಲ್ಲಿಟ್ಟ ಹೆಂಡತಿ, ಓದು ಬಿಟ್ಟು ತೋಟಕ್ಕಿಳಿದ ಮಗ, ತನ್ನ ಸೊಂಟ ನೋವನ್ನು ಬಾಯಿಬಿಡದ ಅತ್ತೆ, ಇವರೆಲ್ಲರ ಕಥೆಯೂ ಇದೇ.

ಕಸಿ ಬೇರೆ, ಕಸಿದುಕೊಳ್ಳುವುದು ಬೇರೆ

"ಹಾಗಾದರೆ ಪ್ರೀತಿಗೆ ಲೆಕ್ಕ ಇಡಬೇಕೆ? ಹೆತ್ತವರಿಗೆ ಮಾಡಿದ್ದನ್ನು ಅಳೆಯುವುದು ಪಾಪವಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಂದೆತಾಯಿಯನ್ನು ಗೌರವಿಸುವುದು ನಾಲ್ಕನೆಯ ಕಟ್ಟಳೆ. ವಿಶ್ವಾಸಿಗಳೆಲ್ಲ ಒಂದೇ ಶರೀರ, ಒಂದು ಅಂಗದ ನೋವಿನಲ್ಲಿ ಉಳಿದವುಗಳಿಗೂ ಪಾಲಿದೆ ಎಂದು ಸಂತ ಪೌಲರು ಕೊರಿಂಥದವರಿಗೆ ತಿಳಿಸಿದರು. ಆದರೆ ಗಮನಿಸಿ: ಪೌಲರು ಹೇಳಿದ್ದು ಎಲ್ಲ ಅಂಗಗಳಿಗೂ ಪಾಲಿದೆ ಎಂದು. ಒಂದೇ ಅಂಗದಿಂದ ಎಲ್ಲವನ್ನೂ ತೆಗೆಯಿರಿ ಎಂದಲ್ಲ. ಕಡಿಮೆ ಮಾನದ್ದೆಂದು ಎಣಿಸುವ ಅಂಗಕ್ಕೆ ಹೆಚ್ಚಿನ ಮಾನ ಸಲ್ಲಬೇಕು ಎಂದೂ ಅವರು ಅಲ್ಲಿಯೇ ಹೇಳಿದ್ದಾರೆ.

ಪ್ರೀತಿಗೆ ಲೆಕ್ಕವಿಲ್ಲ ಎಂಬ ಮಾತನ್ನು ಕೊಡುವವನು ಹೇಳಿದರೆ ಅದು ತ್ಯಾಗ. ಪಡೆಯುವವನು ಹೇಳಿದರೆ? ನಮ್ಮ ಭಾಷೆಯಲ್ಲಿ ಕಸಿ ಎಂಬುದಕ್ಕೂ ಕಸಿದುಕೊಳ್ಳುವುದಕ್ಕೂ ಶಬ್ದ ಹತ್ತಿರ, ಅರ್ಥ ದೂರ. ಯೇಸುಸ್ವಾಮಿ ಒಳ್ಳೆಯ ಕುರುಬನ ಮಾತಾಡುವಾಗ, ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನೇ ಮನಸಾರೆ ಕೊಡುತ್ತಿದ್ದೇನೆ ಎಂದು ಸ್ಪಷ್ಟವಾಗಿ ತಿಳಿಸಿದರು. ಶಿಲುಬೆಯ ಬೆಲೆ ಇರುವುದು ಆ ಸ್ವಾತಂತ್ರ್ಯದಲ್ಲಿ. ಅದನ್ನು ತೋರಿಸಿ ಇನ್ನೊಬ್ಬರ ಬೆನ್ನಿಗೆ ಶಿಲುಬೆ ಏರಿಸುವ ಅಧಿಕಾರ ನಮಗಿಲ್ಲ.

ಅಂಗದಾನದ ವಿಷಯದಲ್ಲಿ ಧರ್ಮಸಭೆ ಹಾಕಿರುವ ಅಳತೆ ಮನೆಗೂ ಸಲ್ಲುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಪ್ರಕಾರ ಕೊಡುವವನಿಗಾಗುವ ಅಪಾಯವು ಪಡೆಯುವವನಿಗಾಗುವ ಒಳಿತಿಗೆ ತಕ್ಕಂತಿರಬೇಕು, ಮತ್ತು ಕೊಡುವವನ ಒಪ್ಪಿಗೆ ಇರಲೇಬೇಕು. ಇದಕ್ಕೆ ಶಸ್ತ್ರವೈದ್ಯನ ಜಾಣ್ಮೆಯನ್ನೂ ಸೇರಿಸಿದರೆ ಮನೆಯಲ್ಲಿ ಪಾಲಿಸಬಹುದಾದ ಮೂರು ನಿಯಮಗಳು ಸಿಗುತ್ತವೆ.

ಮೊದಲನೆಯದು, ಕೇಳಿ. "ನೀನು ಮಾಡ್ತೀಯಲ್ಲ?" ಎಂದು ಕೇಳುವುದು ಕೇಳಿದಂತಲ್ಲ. "ನಿನ್ನಿಂದ ಆಗುತ್ತದಾ? ಆಗದಿದ್ದರೆ ಬೇರೆ ದಾರಿ ನೋಡುವಾ" ಎನ್ನಿ. ಇಲ್ಲ ಎನ್ನಲು ಜಾಗವಿದ್ದರೆ ಮಾತ್ರ ಹೌದು ಎಂಬುದು ದಾನ.

ಎರಡನೆಯದು, ಮರಳಿ ಬೆಳೆಯುವಷ್ಟನ್ನೇ ತೆಗೆಯಿರಿ. ನಾಲ್ಕು ರಾತ್ರಿಯ ನಿದ್ದೆ ಮರಳಿ ಸಿಗುತ್ತದೆ. ಅಡವಿಟ್ಟ ಬಳೆಯನ್ನು ಬಿಡಿಸಿಕೊಳ್ಳಬಹುದು. ಆದರೆ ಕೈತಪ್ಪಿದ ಓದು, ದಾಟಿಹೋದ ಮದುವೆಯ ವಯಸ್ಸು, ಕೆಟ್ಟ ಆರೋಗ್ಯ ಸುಲಭವಾಗಿ ಮರಳದು. ಅಲ್ಲಿಗೆ ಕತ್ತಿ ತಾಗುವ ಮೊದಲು ಉಳಿದವರೆಲ್ಲ ತಂತಮ್ಮ ಪಾಲು ಕೊಟ್ಟಾಗಿದೆಯೇ ಎಂದು ನೋಡಿ. ಗಂಡುಮಕ್ಕಳು ಸರದಿಯಂತೆ ರಜೆ ಹಾಕಬಹುದು. ನೆರೆಮನೆಯವರು ಒಂದು ಹೊತ್ತಿನ ಊಟ ಕಳಿಸಬಹುದು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರೋ ವಾರ್ಡಿನವರೋ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂರಬಹುದು. ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಉಪಯೋಗವಾಗುತ್ತದೆಯೇ ಎಂದು ಮೊದಲೇ ವಿಚಾರಿಸಬಹುದು.

ಮೂರನೆಯದು, ಕೊಟ್ಟ ಜಾಗಕ್ಕೂ ಮದ್ದು ಹಚ್ಚಿ. ರೋಗಿಯನ್ನು ನೋಡಲು ಹೋದಾಗ ಹಣ್ಣಿನ ಚೀಲವನ್ನು ಕೊಡುವುದು ಆರೈಕೆ ಮಾಡುವವರ ಕೈಗೇ ಅಲ್ಲವೇ? ಆ ಕೈಯನ್ನು ಒಂದು ಕ್ಷಣ ಹಿಡಿದು "ನೀನು ಹೇಗಿದ್ದೀ? ಊಟ ಮಾಡಿದೆಯಾ?" ಎಂದು ಕೇಳಿ. "ಇವತ್ತು ಮಧ್ಯಾಹ್ನ ನಾನು ಕೂರುತ್ತೇನೆ, ನೀನು ಮಲಗು" ಎನ್ನಿ. ಕಾಯಿಲೆಯವರೂ ಈ ಮಾತನ್ನು ಹೇಳಬಹುದು. ಅಪ್ಪನ ಬಾಯಿಂದ ಬಂದ "ನನ್ನಿಂದಾಗಿ ನಿನಗೆ ಕಷ್ಟವಾಯಿತು ಮಗಾ, ನನಗೆ ಗೊತ್ತಿದೆ" ಎಂಬ ಒಂದು ಮಾತು ಎಷ್ಟೋ ವರ್ಷದ ಉರಿಯನ್ನು ತಣಿಸಬಲ್ಲದು.

ನೋವಿಲ್ಲದೆ ಕೊಡಬಹುದಾದ ಒಂದು ದಾನ

ಕೊಟ್ಟವರಿಗೆ ಗಾಯವೇ ಉಳಿಯದ ಚರ್ಮದಾನವೊಂದಿದೆ. ಅದು ಮರಣದ ನಂತರ ಕೊಡುವಂಥದು. ಪರರ ಚರ್ಮ ಶಾಶ್ವತವಾಗಿ ಹಿಡಿಯದಿದ್ದರೂ, ಮೈಯೆಲ್ಲ ಸುಟ್ಟು ಸ್ವಂತ ಚರ್ಮವೇ ಸಾಲದವರಿಗೆ ಅದು ಎರಡು ಮೂರು ವಾರ ಹೊದಿಕೆಯಾಗಿ ನಿಲ್ಲುತ್ತದೆ. ನೀರಿನಂಶ ಸೋರದಂತೆ, ಕೀವಾಗದಂತೆ ತಡೆದು ಜೀವ ಉಳಿಸುತ್ತದೆ. ಅಷ್ಟರಲ್ಲಿ ಅವರದೇ ಚರ್ಮ ಸಿದ್ಧವಾಗುತ್ತದೆ. ಮರಣವಾಗಿ ಸುಮಾರು 6 ಗಂಟೆಗಳೊಳಗೆ ತೆಗೆಯಬೇಕು. ರಕ್ತದ ಗುಂಪು ಹೊಂದಬೇಕಾಗಿಲ್ಲ. ಕಾಲು, ತೊಡೆ, ಬೆನ್ನಿನಿಂದ ತೆಳುವಾದ ಪದರವನ್ನಷ್ಟೇ ತೆಗೆಯುತ್ತಾರೆ, ದೇಹ ವಿಕಾರವಾಗುವುದಿಲ್ಲ, ಶವಪೆಟ್ಟಿಗೆಯಲ್ಲಿ ಮುಖ ನೋಡುವವರಿಗೆ ಏನೂ ತಿಳಿಯದು. ಗ್ಲಿಸರಾಲಿನಲ್ಲಿ ವರ್ಷಗಳ ಕಾಲ ಕಾಪಿಡಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಆರಂಭವಾಗಿದೆ. ಚರ್ಮದ ಕ್ಯಾನ್ಸರ್, ಎಚ್‌ಐವಿ, ಕಾಮಾಲೆಯ ಕೆಲವು ಬಗೆಗಳು ಇದ್ದವರಿಂದ ತೆಗೆಯುವುದಿಲ್ಲ.

ದೇಹ ಪುನರುತ್ಥಾನವಾಗಬೇಕಲ್ಲ, ಹರಿದು ಕೊಡಬಹುದೇ ಎಂದು ಹಿರಿಯರು ಅಂಜುತ್ತಾರೆ. ಮಣ್ಣಿನಿಂದ ಎಬ್ಬಿಸಬಲ್ಲ ದೇವರಿಗೆ ಒಂದು ಪದರ ಚರ್ಮ ಕೊರತೆಯಾಗದು. ಪೋಪ್ ಎರಡನೆಯ ಜಾನ್ ಪೌಲ್ 1995ರ ತಮ್ಮ 'ಜೀವದ ಸುವಾರ್ತೆ' ಎಂಬ ವಿಶ್ವಪತ್ರದಲ್ಲಿ, ಸರಿಯಾದ ರೀತಿಯಲ್ಲಿ ಮಾಡಿದ ಅಂಗದಾನವನ್ನು ದಿನನಿತ್ಯದ ಬದುಕಿನ ವೀರಕಾರ್ಯಗಳ ಸಾಲಿನಲ್ಲಿ ಎತ್ತಿ ಹಿಡಿದಿದ್ದಾರೆ. ಇಲ್ಲಿಯೂ ಮೊದಲ ನಿಯಮ ಅದೇ. ಬದುಕಿರುವಾಗಲೇ ಮನೆಯವರಿಗೆ ನಿಮ್ಮ ಮನಸ್ಸನ್ನು ತಿಳಿಸಿ, ಅವರ ಮನಸ್ಸನ್ನೂ ಕೇಳಿ. ಅಳುವ ಹೊತ್ತಿನಲ್ಲಿ ಅವರು ತೀರ್ಮಾನಿಸುವಂತೆ ಮಾಡಬೇಡಿ.

ಕಡೆಯದಾಗಿ ಒಂದು ಮಾತು. ಕಸಿ ಹಿಡಿದ ಚರ್ಮದಲ್ಲಿ ಬೆವರಿನ, ಎಣ್ಣೆಯ ಗ್ರಂಥಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಗಾಯ ಪೂರ್ತಿ ಮಾಯ್ದ ಮೇಲೆ ತಿಂಗಳುಗಟ್ಟಲೆ ದಿನಾ ಎಣ್ಣೆಯೋ ಮುಲಾಮೋ ಹಚ್ಚಬೇಕು, ಬಿಸಿಲಿನಿಂದ ಕಾಪಾಡಬೇಕು. ಚರ್ಮ ಕೊಟ್ಟ ತೊಡೆಗೂ ಅದೇ ಆರೈಕೆ ಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ. ಮನೆಯಲ್ಲಿ ಯಾರಿಗೆ ಎಣ್ಣೆ ಹಚ್ಚಬೇಕೆಂದು ಬರೆದುಕೊಡುವ ವೈದ್ಯರಿಲ್ಲ. ಈ ರಾತ್ರಿ ಜಪಸರ ಮುಗಿದು ಎಲ್ಲರೂ ಒಟ್ಟಿಗಿರುವಾಗ ನಿಮ್ಮ ಮನೆಯವರ ಮುಖಗಳನ್ನು ಒಮ್ಮೆ ನೋಡಿ. ಯಾರಿಂದ ಹೆಚ್ಚು ತೆಗೆದಿದ್ದೇವೆ ಎಂದು ನಿಮಗೇ ತಿಳಿದೀತು. ಅವರನ್ನು ಹೆಸರು ಹಿಡಿದು ಕರೆದು ಮಾತನಾಡಿಸಿ.